ಮೀಸೆ ಅಕ್ಷರ

ಅವರ ಬಲಗೈಯ ತೋರುಬೆರಳಿನ ತುದಿ ಅಗಲವಾಗಿ ಚಪ್ಪಟೆಯಾಗಿತ್ತು. ಅದರ ಮೇಲೆ ಕಟ್ಟರ್ ಬ್ಲೇಡು ತಾಕಿದ ಹಳೆಯ ಗೆರೆಗಳು, ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಹೋಗದ ನೀಲಿ ಇಂಕು. ಆ ಬೆರಳಿಗೆ ನಾನು ಹಾಕಿರುವ ಶಾಪ ಒಂದೆರಡಲ್ಲ. ವಾರಗಟ್ಟಲೆ ಕೂತು ಬರೆದು ತಿದ್ದಿ ತಂದ ಅಕ್ಷರದ ಮೇಲೆ ಅದನ್ನು ಊರಿ, ಮುಖ ಕೂಡ ಎತ್ತದೆ, "ಇಲ್ಲಿ ಇನ್ನೂ ಒಸಿ ದಪ್ಪ ಆಗ್ಬೇಕು ಮೇಡಮ್ಮೋರೆ" ಅನ್ನುತ್ತಿದ್ದರು. ಎಲ್ಲಿ ದಪ್ಪ, ಯಾಕೆ ದಪ್ಪ, ಅದನ್ನು ಮಾತ್ರ ಕೇಳಬಾರದು.

ತಿ. ನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಫ್ಲೆಕ್ಸ್ ಅಂಗಡಿ. ಊರಿನವರಿಗೆಲ್ಲ ಅವರು ಫ್ಲೆಕ್ಸಕ್ಕ. ಹುಟ್ಟುಹಬ್ಬ, ಗೃಹಪ್ರವೇಶ, ತಿಥಿ, ಬುದ್ಧಪೂರ್ಣಿಮೆ, ಕಬಡ್ಡಿ ಪಂದ್ಯ, ಯಾವುದೇ ಇರಲಿ, ಬ್ಯಾನರು ಅವರಲ್ಲೇ ಆಗಬೇಕು. ಕಂಪ್ಯೂಟರ್ ಮುಂದೆ ಕೂರುತ್ತಿದ್ದವಳು ಅವರ ತಂಗಿ. ಅಕ್ಕ ಅವಳ ಬೆನ್ನ ಹಿಂದೆ ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಎಡಕ್ಕೆ ತಳ್ಳು ಕಣಮ್ಮಿ, ಫೋಟೊ ಸಣ್ಣ ಮಾಡು, ಎಸ್ರು ಎತ್ತು" ಎಂದು ಅಪ್ಪಣೆ ಕೊಡುತ್ತಿದ್ದರು. ಅಕ್ಕ ಯಾವತ್ತೂ ಮೌಸು ಮುಟ್ಟಿದ್ದನ್ನು ನಾನು ನೋಡಲಿಲ್ಲ. ಯಜಮಾನಿಕೆಯ ಗತ್ತು ಅಂದುಕೊಂಡಿದ್ದೆ.

ಅವರ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಬ್ಯಾನರಿನ ಕೆಳಗೆ ಸಾಲಾಗಿ ಕೂರಿಸುವ ತಲೆಗಳು, ಅಂದರೆ ಶುಭ ಕೋರುವವರು, ಮುಖಂಡರು, ಮುಖಂಡರ ಹಿಂಬಾಲಕರು, ಇವರಲ್ಲಿ ಯಾರ ಹೆಸರೂ ಬ್ಯಾನರು ಯಾರದೋ ಅವರ ಹೆಸರಿಗಿಂತ ದೊಡ್ಡದಾಗಿರಬಾರದು. ಸತ್ತವಳು ಕೂಲಿ ಮಾಡಿದ ಮುದುಕಿಯಾದರೂ ಸರಿ, ಅವಳ ಹೆಸರೇ ದೊಡ್ಡದು. ಇದಕ್ಕಾಗಿ ಎಷ್ಟೋ ಗಿರಾಕಿಗಳು ಮುನಿಸಿಕೊಂಡು ನಂಜನಗೂಡಿನ ಅಂಗಡಿಗಳಿಗೆ ಹೋದರು. ಅಕ್ಕ ಜಗ್ಗಲಿಲ್ಲ. "ಸತ್ತೋರ ಮನೆಗೆ ಬಂದು ತಮ್ಮ ಎಸ್ರು ದೊಡ್ದಾಗಿ ಆಕುಸ್ಕೊಳೋರು ನಂಗೆ ಬ್ಯಾಡ" ಎಂದು ಅವರ ಮುಖಕ್ಕೇ ಹೇಳುತ್ತಿದ್ದರು.

ನಾನು ನಂಜನಗೂಡು ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಮನೆ ತಿ. ನರಸೀಪುರದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಶಾಲೆಯ ವಾರ್ಷಿಕೋತ್ಸವದ ಬ್ಯಾನರು ಮಾಡಿಸಲು ಹೋದಾಗ ಅಕ್ಕನ ಪರಿಚಯವಾಯಿತು. ಅಕ್ಷರ ಸರಿಯಿಲ್ಲ, ಅಂತರ ಸರಿಯಿಲ್ಲ ಎಂದು ನಾನು ತಗಾದೆ ತೆಗೆದೆ. ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಅಕ್ಷರ ಬರೆಯಕ್ಕೆ ಬತ್ತದಾ ನಿಮ್ಗೆ?" ಎಂದರು. ಬರುತ್ತೆ ಎಂದೆ. ಕಲಾಶಾಲೆಯಲ್ಲಿ ಅದನ್ನೇ ಓದಿದ್ದು, ಕಂಪ್ಯೂಟರಿಗೆ ಅಕ್ಷರ ಮಾಡುವುದೂ ಗೊತ್ತು ಎಂದೆ. ಗೋಡೆಯ ಕಡೆ ಬೆರಳು ತೋರಿಸಿದರು. ಹಿಂದೆ ಯಾವಾಗಲೋ ಅಕ್ಕ ಕಂಪ್ಯೂಟರ್ ಕೋರ್ಸು ಮುಗಿಸಿದ್ದಕ್ಕೆ ಕೊಟ್ಟ ಪ್ರಮಾಣಪತ್ರ ಕಟ್ಟು ಹಾಕಿಸಿ ನೇತುಹಾಕಿತ್ತು. ಅದರ ನೆತ್ತಿಯ ಮೇಲೆ ಇಂಗ್ಲಿಷಿನ ಹಳೇ ಗಾಥಿಕ್ ಅಕ್ಷರ. ದಪ್ಪ ಕಂಬದಂಥ ಗೆರೆ, ಮುರಿದು ಜೋಡಿಸಿದಂಥ ಮೂಲೆ, ತುದಿಗಳಲ್ಲಿ ಮುಳ್ಳು.

"ಈ ಅಕ್ಷರ ನೋಡಿದ್ರೆ ಎದ್ದು ನಿಂತ್ಕಬೇಕು ಅನ್ಸ್ತದೆ. ಇಂಗ್ಲಿಷ್‌ನೋರಿಗೆ ಅದೆ. ನಮ್ಗೆ ಯಾಕಿಲ್ಲ?" ಎಂದರು.

ಕನ್ನಡದ ಅಕ್ಷರ ದುಂಡಗಿನದು, ಅದನ್ನು ಹೀಗೆ ಮೂಲೆಮೂಲೆಯಾಗಿ ಮುರಿದರೆ ಚೆನ್ನಾಗಿರುವುದಿಲ್ಲ ಎಂದು ನಾನು ಪಾಠ ಮಾಡಲು ಹೋದೆ.

"ದುಂಡುಗೆ ಅವೆ, ಅದ್ಕೇ ಎಲ್ರೂ ಉಳ್ಳಾಡ್ಸ್ತಾರೆ. ಒಂದು ಮೀಸೆ ಇರೋ ಅಕ್ಷರ ಮಾಡ್ಕೊಡಿ" ಎಂದರು.

ಒಪ್ಪಿಕೊಂಡೆ. ಅವರ ಮೇಲಿನ ಪ್ರೀತಿಗಲ್ಲ. ಕಲಾಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಹೂವು, ನವಿಲು, ಸ್ವಾತಂತ್ರ್ಯ ದಿನದ ಬಾವುಟ. ನನ್ನದು ಅನ್ನುವ ಒಂದು ಅಕ್ಷರವನ್ನು, ಅ ಇಂದ ಳ ವರೆಗೆ, ಒತ್ತು ದೀರ್ಘ ಎಲ್ಲ ಸೇರಿಸಿ ಮುಗಿಸಬೇಕು ಅನ್ನುವ ಆಸೆ ಒಳಗೇ ಕೊಳೆಯುತ್ತಿತ್ತು. ಬೇಕು ಎಂದು ಬಾಯಿ ಬಿಟ್ಟು ಕೇಳಿದವರು ಈ ಹೆಂಗಸೊಬ್ಬರೇ. ಅವರು ಒಪ್ಪಿದರೆ ತಾಲ್ಲೂಕಿನ ಗೋಡೆಗಳ ಮೇಲೆಲ್ಲ ನನ್ನ ಅಕ್ಷರ ನಿಲ್ಲುತ್ತಿತ್ತು. ಅವರು ಒಪ್ಪಬೇಕಾಗಿತ್ತು, ಅಷ್ಟೆ. ಆ ಅಷ್ಟೆಗೇ ನನ್ನ ವರ್ಷಗಳು ಹೋದವು.

ಮೊದಲ ಸಲ ತಂದಾಗ ನನಗೆ ನನ್ನ ಕೆಲಸದ ಮೇಲೆ ಹೆಮ್ಮೆ ಇತ್ತು. ತಲಕಟ್ಟಿನ ಎರಡೂ ತುದಿಯನ್ನು ಚೂಪಾಗಿ ಮೇಲಕ್ಕೆತ್ತಿದ್ದೆ, ನಿಜವಾಗಿಯೂ ಹುರಿಮೀಸೆಯಂತಿತ್ತು. ದುಂಡಗಿನ ಹೊಟ್ಟೆಗಳನ್ನು ಮುರಿದು ಬಿಲ್ಲಿನ ಹಾಗೆ ಬಗ್ಗಿಸಿದ್ದೆ. ಅಕ್ಕ ಕಾಗದವನ್ನು ಮುಖದ ಹತ್ತಿರ ಹಿಡಿದು, ಓರೆ ಮಾಡಿ, ಆಮೇಲೆ ತಂಗಿಯ ಕೈಗೆ ಕೊಟ್ಟರು. "ಪ್ರಿಂಟ್ ತಗಿ. ಬಸ್ಸಲ್ಲಿ ನೋಡ್ಮ."

ಬಸ್ಸಲ್ಲಿ ನೋಡುವುದು ಅವರ ಪದ್ಧತಿ. ಹೊಸದೇನು ಮಾಡಿದರೂ ಒಂದು ದೊಡ್ಡ ಫ್ಲೆಕ್ಸ್ ಹೊಡೆಸಿ, ನಂಜನಗೂಡು ರಸ್ತೆಯಲ್ಲಿ ಕಾಲುವೆ ಸೇತುವೆ ದಾಟಿದ ಮೇಲೆ ಸಿಗುವ ಅಕ್ಕಿ ಗಿರಣಿಯ ಕಾಂಪೌಂಡಿಗೆ ಕಟ್ಟಿಸುವುದು. ಆಮೇಲೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಓದಿಕೊಂಡು ಹೋಗುವುದು. ಫ್ಲೆಕ್ಸನ್ನು ನಿಂತು ಓದುವವರು ಯಾರೂ ಇಲ್ಲ, ಹೋಗ್ತಾ ಹೋಗ್ತಾ ಓದುವವರೇ ಎಲ್ಲ ಎನ್ನುವುದು ಅವರ ವಾದ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಈ ಹುಚ್ಚು ಮಿತಿ ಮೀರಿತು. ಕಂಡಕ್ಟರು ಆಧಾರ್ ಕಾರ್ಡು ಕೇಳಿ, ನೋಡಿ, ನಗುತ್ತಿದ್ದ. "ಏನಕ್ಕ, ಇವತ್ತೂ ಎಲ್ಲೂ ಇಳಿಯಲ್ವಾ?" ಅಕ್ಕ ಗತ್ತಿನಿಂದ, "ಇಳಿಯೋಕಲ್ಲ ಕಣಪ್ಪ, ಓದಕ್ಕೆ ಬಂದಿರೋದು" ಅನ್ನುತ್ತಿದ್ದರು.

ನಾನು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಊಟ ಬಿಟ್ಟು, ಅವರ ಜೊತೆ ಹಾಗೆ ಎಷ್ಟು ಸಲ ಕೂತಿದ್ದೇನೋ. ಗಿರಣಿ ದಾಟಿದ ಮೇಲೆ ಒಂದೇ ತೀರ್ಪು. "ಚೆನ್ನಾಗದೆ. ಆದ್ರೆ ಇನ್ನೂ ದಪ್ಪ ಆಗ್ಬೇಕು."

ದಪ್ಪ ಮಾಡಿದೆ. ಮತ್ತೆ ದಪ್ಪ ಮಾಡಿದೆ. ಅಕ್ಷರ ಅಂದರೆ ಗೆರೆ ಮಾತ್ರವಲ್ಲ, ಗೆರೆಯ ಒಳಗಿನ ಖಾಲಿ ಜಾಗವೂ ಅಕ್ಷರವೇ. ಗೆರೆ ಉಬ್ಬಿದಷ್ಟೂ ಆ ಖಾಲಿ ಕಿರಿದಾಗುತ್ತದೆ. ಕೊನೆಗೆ ಹೊಟ್ಟೆಯೊಳಗಿನ ಕಿಂಡಿ ಮುಚ್ಚಿ, ಎಲ್ಲ ಅಕ್ಷರವೂ ಕರೀ ಮುದ್ದೆಯಾಗಿ ಒಂದೇ ಥರ ಕಾಣುತ್ತದೆ. ಇದನ್ನು ನಾನು ಬರೆದು ತೋರಿಸಿದೆ, ಬಿಡಿಸಿ ಹೇಳಿದೆ, ಬೇಡಿಕೊಂಡೆ. ಒಂದು ದಿನ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಕೂಗಾಡಿದೆ.

"ದಪ್ಪ ಮಾಡಿದ್ರೆ ಓದೋಕಾಗಲ್ಲ ಅಕ್ಕ. ನಾನು ಹೇಳೋದು ಒಂಚೂರು ಕೇಳಿ."

"ನೀವು ಕ್ಲಾಸ್‌ರೂಮಲ್ಲಿ ಕೂತು ಓದೋರು. ನಮ್ ಜನ ರೋಡಲ್ಲಿ ಓದೋರು. ದಪ್ಪ ಮಾಡ್ಕೊಂಡು ಬನ್ನಿ."

ತಂಗಿ ತಲೆ ತಗ್ಗಿಸಿಕೊಂಡು ಕೀಲಿಮಣೆ ಒರೆಸುತ್ತಿದ್ದಳು. ನಾನು ಕಾಗದ ಮಡಚಿಕೊಂಡು ಬಂದೆ, ಇನ್ನು ಆ ಕಡೆ ಕಾಲು ಹಾಕುವುದಿಲ್ಲ ಅಂದುಕೊಂಡೆ. ಮುಂದಿನ ವಾರ ಅಕ್ಕನ ಫೋನು. "ಎಲ್ಲಿ ಮೇಡಮ್ಮೋರೆ, ನಮ್ ಮೀಸೆ ಏನಾಯ್ತು?" ಹಾಳಾದ್ದು, ಆ 'ನಮ್' ಅನ್ನುವುದಕ್ಕೆ ನಾನು ಕರಗಿಬಿಡುತ್ತಿದ್ದೆ. ಇನ್ನೊಂದು ಸಲ ದಪ್ಪ ಮಾಡಿಕೊಂಡು ಹೋದೆ.

ಅದು ಮುದ್ದೆಗೆ ತೀರ ಹತ್ತಿರದ ಅವತಾರ. ಒಳಗೆ ಕಿಂಡಿ ಅನ್ನುವುದು ಕೂದಲೆಳೆಯಷ್ಟು ಉಳಿದಿತ್ತು. ಹೆಡತಲೆ ಎಂಬ ಊರಿನ ಕಡೆಯ ಒಂದು ಮದುವೆಯ ಸ್ವಾಗತದ ಬ್ಯಾನರು ಅದು. ಹಳದಿ ಮೇಲೆ ಕಪ್ಪು. ಹಿಂದಿನ ದಿನ ಸಂಜೆ ಗಿರಣಿಯ ಕಾಂಪೌಂಡಿಗೆ ಕಟ್ಟಿಸಿ ಬಂದಿದ್ದೆವು. ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಅಕ್ಕ ಕಿಟಕಿಗೆ, ನಾನು ಪಕ್ಕಕ್ಕೆ. ಸೇತುವೆ ದಾಟಿತು. ಗಿರಣಿಗೆ ಸ್ವಲ್ಪ ಮುಂಚೆ ಒಂದು ಹಂಪ್ ಇದೆ, ಬಸ್ಸು ಅಲ್ಲಿ ಎತ್ತಿಹಾಕುತ್ತದೆ. ಎತ್ತಿಹಾಕಿತು. ಅಕ್ಕ ಕಿಟಕಿಯಿಂದ ಆಚೆ ಮುಖ ಮಾಡಿ, ಸುತ್ತಲಿನವರಿಗೆ ಕೇಳುವ ಹಾಗೆ, ನಿಲ್ಲಿಸಿ ನಿಲ್ಲಿಸಿ ಓದಿದರು.

"ಹೆಡತಲೆ ಬಂಧುಗಳಿಗೆ ಹಾರ್ದಿಕ ಸ್ವಾಗತ. ನೋಡಿದ್ರಾ, ಈಗ ಬಂತು ನೋಡಿ ಕಳೆ. ಆವತ್ತೇ ಯೋಳ್ದೆ ದಪ್ಪ ಮಾಡಿ ಅಂತ."

ಕಾಂಪೌಂಡಿನ ಮೇಲೆ ನಮ್ಮ ಬ್ಯಾನರು ಇರಲಿಲ್ಲ. ಗಿರಣಿಯವರು ಬಿಚ್ಚಿ ಹಾಕಿದ್ದರೋ, ಬೇರೆ ಯಾರೋ ಕಿತ್ತರೋ, ಆ ಜಾಗದಲ್ಲಿ ಬೋರ್‌ವೆಲ್ ಕೊರೆಯುವವರ ಜಾಹೀರಾತು ನಿಂತಿತ್ತು. ಬಣ್ಣ ಮಾತ್ರ ಹಳದಿ. ಒಂದು ಲಾರಿಯ ಚಿತ್ರ, ಚಿಮ್ಮುವ ನೀರು.

ಅಕ್ಕ ಸಮಾಧಾನದಿಂದ ಸೆರಗು ಸರಿಮಾಡಿಕೊಂಡು ಕೂತಿದ್ದರು. ನಂಜನಗೂಡು ಬರುವವರೆಗೂ ಹಿಂದಿನದೆಲ್ಲ ಒಂದೊಂದೇ ನೆನಪಿಗೆ ಬಂತು. ಮೌಸು ಮುಟ್ಟದ ಕೈ, ಓರೆ ಮಾಡಿ ಹಿಡಿದ ಕಾಗದ, ತಲೆ ತಗ್ಗಿಸುತ್ತಿದ್ದ ತಂಗಿ. ನಂಜನಗೂಡಿನಲ್ಲಿ ಇಳಿದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ನನಗೆ ಮರುಕ ಬರಲಿಲ್ಲ, ಸಿಟ್ಟು ಬಂತು.

"ಅಲ್ಲಿ ಇದ್ದದ್ದು ಬೋರ್‌ವೆಲ್ ಬೋರ್ಡು ಅಕ್ಕ" ಎಂದೆ.

ಎದುರಿಗೆ ಸೌತೆಕಾಯಿ ಮಾರುವವನೊಬ್ಬ ಕಿಟಕಿಗಳ ಕೆಳಗೆ ಓಡುತ್ತಿದ್ದ.

"ಸಕ್ರೆ ಕಾಯ್ಲೆ ಕಣ್ರಿ. ಮೈಸೂರಿಗೆ ಓಗಿ ಲೇಸರು ಗೀಸರು ಎಲ್ಲಾ ಮಾಡ್ಸಾಯ್ತು. ಬಣ್ಣ ಕಾಣ್ತದೆ, ಗೆರೆ ಕಾಣಾಕಿಲ್ಲ."

"ಮೊದಲೇ ಹೇಳೋದಲ್ವಾ? ಇಷ್ಟು ದಿನ ನನ್ನ ಜೀವ ತಿಂದಿರಿ. ಕಣ್ಣು ಮಂಜಾದವರಿಗೆ ದಪ್ಪ ಮಾಡಿದರೆ ಇನ್ನೂ ಕಾಣಲ್ಲ ಅಕ್ಕ, ಒಳಗಿನ ಜಾಗ ತೆರೀಬೇಕು. ಗೊತ್ತಿದ್ದರೆ ನಾನು ಬೇರೆ ಥರಾನೇ ಬರೀತಿದ್ದೆ."

"ಅದ್ಕೇ ಯೋಳ್ಲಿಲ್ಲ" ಎಂದರು. "ಯೋಳಿದ್ರೆ ನೀವು ಅಯ್ಯೋ ಪಾಪ ಅಂತ ಬರೀತಿದ್ರಿ. ಅಂಥ ಅಕ್ಷರ ನಂಗೆ ಬ್ಯಾಡ. ಕಣ್ಣಿಲ್ದೋಳ ಹತ್ರ ಫ್ಲೆಕ್ಸ್ ಮಾಡ್ಸಕ್ಕೆ ಯಾರ್ ಬತ್ತಾರೆ? ಅದ್ನೂ ಯೋಳಿ."

ವಾಪಸು ಬರುವ ಬಸ್ಸಿನಲ್ಲಿ ಅವರೇ ಮಾತು ತೆಗೆದರು. ಅವರ ತಂದೆ ತಲಕಾಡಿನ ಕಡೆ ಗದ್ದೆಗಳಲ್ಲಿ ಕೂಲಿ ಮಾಡಿ ತೀರಿಕೊಂಡವರು. "ನಮ್ಮಪ್ಪನ ಎಸ್ರ ಒಂದ್ ಕಡೇನೂ ದೊಡ್ದಾಗಿ ಬರ್ದಿದ್ದು ನಾನು ನೋಡ್ಲಿಲ್ಲ. ಗದ್ದೆಯೋರು ಕೂಗೋವಾಗ್ಲೂ ಅರ್ಧ ಎಸ್ರಿಗೇ ಕೂಗೋರು. ಎಸ್ರು ಅಂದ್ರೆ ಮುಂದೆ ಬಂದು ನಿಂತ್ಕಬೇಕು ಕಣ್ರಿ." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ಹಂಪ್ ಬಂದಾಗ ಈ ಸಲ ಏನೂ ಓದಲಿಲ್ಲ.

ಆವತ್ತಿನಿಂದ ನಾನು ಅಕ್ಷರವನ್ನು ಮೊದಲಿಂದ ಬರೆಯಲು ಕೂತೆ. ಮೀಸೆ ಬಿಡಲಿಲ್ಲ, ಮೂಲೆ ಬಿಡಲಿಲ್ಲ, ಗೆರೆಯ ಗತ್ತನ್ನೂ ಬಿಡಲಿಲ್ಲ. ಆದರೆ ಹೊಟ್ಟೆಗಳನ್ನು ತೆರೆದೆ. ಪ್ರಶ್ನೆ ಎಂದರೆ ಎಷ್ಟು ತೆರೆಯಬೇಕು ಅನ್ನುವುದು. ಕಾಗದದ ಮೇಲೆ ತೋರಿಸಿದರೆ ಅಕ್ಕನಿಗೆ ಕಾಣುವುದಿಲ್ಲ, ಕಾಣುತ್ತದೆ ಎಂದು ಸುಳ್ಳು ಹೇಳುತ್ತಾರೆ. ಕೊನೆಗೆ ತಂಗಿಗೇ ಹೊಳೆಯಿತು. ಅಂಗಡಿಗಳ ನಾಮಫಲಕಕ್ಕೆ ದಪ್ಪ ಫೋಮ್ ಶೀಟಿನಲ್ಲಿ ಅಕ್ಷರ ಕತ್ತರಿಸಿ ಅಂಟಿಸುವ ಕೆಲಸವೂ ಅವರಲ್ಲಿತ್ತು. ನನ್ನ ಅಕ್ಷರಗಳನ್ನು ಅಂಗೈಯಗಲ ಕತ್ತರಿಸಿ ಅಕ್ಕನ ಮಡಿಲಿಗೆ ಹಾಕಿದಳು.

ಅಕ್ಕ ಒಂದನ್ನು ಎತ್ತಿಕೊಂಡು ಆ ಚಪ್ಪಟೆ ಬೆರಳಿನಿಂದ ಅಂಚು ಸವರಿದರು. ತಲಕಟ್ಟಿನ ತುದಿ ಚುಚ್ಚಿದಾಗ ನಕ್ಕರು. "ಮೀಸೆ ಚೂಪಾಗದೆ." ಬೆರಳು ಕೆಳಗಿಳಿದು ಹೊಟ್ಟೆಯ ಒಳಕ್ಕೆ ಹೋಗಲು ನೋಡಿತು, ಹೋಗಲಿಲ್ಲ. "ಇಲ್ಲಿ ಇಡ್ಸ್ತಾ ಇಲ್ಲ." ನಾನು ಮನೆಗೆ ಹೋಗಿ ಆ ಕಿಂಡಿ ಅಗಲ ಮಾಡಿಕೊಂಡು ಬಂದೆ. ಮತ್ತೊಂದು ಅಕ್ಷರ, ಮತ್ತೊಂದು ಕಿಂಡಿ. ಬೆರಳು ಒಳಗೆ ಹೋಗಿ ಒಂದು ಸುತ್ತು ಬಂದರೆ ಆ ಅಕ್ಷರ ಪಾಸು. ಬರದಿದ್ದರೆ ವಾಪಸು. ಮಧ್ಯಾಹ್ನಗಳು ಹಾಗೇ ಹೋದವು. ಗಿರಾಕಿಗಳು ಬಂದು ನೋಡಿ, ಅಕ್ಕ ಯಾಕೆ ಅಕ್ಷರಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾರೆ ಎಂದು ಕೇಳಿದರೆ, "ಅಕ್ಕಿ ಆರುಸ್ತಾ ಇವ್ನಿ" ಅನ್ನುತ್ತಿದ್ದರು.

ಒಂದು ದಿನ ಒತ್ತಕ್ಷರಗಳೂ ಮುಗಿದವು. ನನಗೆ ಆಗಿದ್ದ ಆಯಾಸ ಅಷ್ಟಿಷ್ಟಲ್ಲ. ಈಗಲಾದರೂ ಸರಿ ಅನ್ನುತ್ತಾರೆ ಎಂದು ಮುಖ ನೋಡಿದೆ.

"ಬೋರ್ಡಿಗೆ ಇದು ಸರಿಯಾಯ್ತು" ಎಂದರು. ತಡೆದು, "ಫ್ಲೆಕ್ಸಿಗೆ ಮಾತ್ರ ದಪ್ಪದ್ದೇ ಇರ್ಲಿ."

ಎದ್ದು ಬಂದುಬಿಟ್ಟೆ. ಯಾವ ಸೀಮೆಯ ಹೆಂಗಸಪ್ಪ ಇವರು, ತಾನೇ ಬೆರಳಿಟ್ಟು ಅಳೆದುಕೊಟ್ಟ ಅಕ್ಷರವನ್ನು ತಾನೇ ಬೇಡ ಅನ್ನುತ್ತಾರಲ್ಲ ಎಂದು ದಾರಿಯುದ್ದಕ್ಕೂ ಬೈದುಕೊಂಡೆ. ಪರೀಕ್ಷೆಯ ಕೆಲಸ ಶುರುವಾಗಿತ್ತು, ಅಂಗಡಿಗೆ ಹೋಗಲಿಲ್ಲ. ಅಷ್ಟರಲ್ಲಿ ಅಕ್ಕನಿಗೆ ಕಾಲಿನ ಗಾಯ ಮಾಯದೆ, ಮೈಸೂರಿನ ಆಸ್ಪತ್ರೆಗೆ ಸೇರಿಸಿದರು ಎಂದು ಗೊತ್ತಾಯಿತು. ನೋಡಲು ಹೋದಾಗ ಕೈ ಹಿಡಿದು, ನನ್ನ ಬೆರಳುಗಳನ್ನು ಒಂದೊಂದಾಗಿ ಸವರಿ, "ಎಲ್ಲಾ ಸಣಕಲು" ಎಂದರು. ನನಗೆ ಅವರು ಆಡಿದ ಕೊನೆಯ ಮಾತು ಅದೇ. ಆಮೇಲೆ ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿಯಿತು, ಅವರು ವಾಪಸು ಬರಲಿಲ್ಲ.

ಮಣ್ಣಿಗೆ ಹೋಗಿ ಬಂದ ಮಾರನೆಯ ದಿನ ಶಾಲೆಗೆಂದು ಬಸ್ಸು ಹತ್ತಿದ್ದೆ. ಸೇತುವೆ ದಾಟಿ, ಹಂಪಿನಲ್ಲಿ ಬಸ್ಸು ಎತ್ತಿಹಾಕಿತು. ಗಿರಣಿಯ ಕಾಂಪೌಂಡಿನ ಮೇಲೆ ಅಕ್ಕನ ಶ್ರದ್ಧಾಂಜಲಿಯ ಫ್ಲೆಕ್ಸು. ಹಳದಿ ಮೇಲೆ ಕಪ್ಪು. ಕೆಳಗೆ ಮುಖಂಡರ ತಲೆಗಳು ಸಾಸಿವೆ ಚೆಲ್ಲಿದ ಹಾಗೆ ಸಣ್ಣಗೆ. ಅವರ ಹೆಸರು ಅಷ್ಟಗಲ, ಆದರೆ ಹಳೆಯ ದಪ್ಪ ಅಕ್ಷರದಲ್ಲಿ. ಕಿಂಡಿ ಮುಚ್ಚಿದ, ಮುದ್ದೆಯಾದ, ನಾನು ನಾಚಿಕೆಪಟ್ಟು ಬಿಸಾಡಿದ ಅದೇ ಅಕ್ಷರ. ಅವರ ಹೆಸರನ್ನಾದರೂ ಅವರ ಬೆರಳು ಹೋಗುವ ಅಕ್ಷರದಲ್ಲಿ ಹಾಕಬಾರದಿತ್ತೇ? ಸಂಜೆ ಸೀದಾ ಅಂಗಡಿಗೆ ಹೋದೆ.

ತಂಗಿ ಕೆಂಪು ಕುರ್ಚಿಯನ್ನು ಮೂಲೆಗೆ ಸರಿಸಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ಅರ್ಥವಾಯಿತು.

"ಬೈಬ್ಯಾಡಿ ಮೇಡಮ್ಮೋರೆ. ಆಸ್ಪತ್ರೇಲೇ ಯೋಳಿದ್ರು, ನನ್ನ ಬ್ಯಾನರಿಗೆ ದಪ್ಪದ್ದೇ ಆಕು ಅಂತ. ನಾನೂ ಕೇಳ್ದೆ, ಯಾಕಕ್ಕ, ಅದು ಓದಕ್ಕಾಗಕಿಲ್ವಲ್ಲ ಅಂತ."

"ಏನಂದರು?"

"ನನ್ನಂಥೋರು ಬಸ್ಸಲ್ಲಿ ಇನ್ನೂ ಎಷ್ಟೋ ಜನ ಅವ್ರೆ. ಓದಕ್ಕಾಗ್ದಿದ್ರೂ ಅಲ್ಲೊಂದು ಎಸ್ರು ನಿಂತದೆ ಅಂತಾದ್ರೂ ಅವ್ರಿಗೆ ಗೊತ್ತಾಗ್ಲಿ ಅಂದ್ರು."

ನನ್ನ ಅಕ್ಷರ ಈಗ ಮುಗಿದಿದೆ. ಅದಕ್ಕೆ ಮೀಸೆ ಎಂದೇ ಹೆಸರಿಟ್ಟಿದ್ದೇನೆ. ಶಾಲೆಯ ಮಕ್ಕಳ ಪ್ರಮಾಣಪತ್ರಗಳ ನೆತ್ತಿಯ ಮೇಲೆ ಅದೇ ಇದೆ. ತಿ. ನರಸೀಪುರದ ಒಂದೆರಡು ಅಂಗಡಿಗಳ ನಾಮಫಲಕವೂ ಅದರಲ್ಲೇ ಆಗಿದೆ. ಅದರ ಪ್ರತಿಯೊಂದು ಹೊಟ್ಟೆಯೊಳಗಿನ ಜಾಗವೂ ಅವರ ಬೆರಳಿನ ಅಳತೆ. ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ನನಗೆ ಸಂತೋಷಕ್ಕಿಂತ ಮೊದಲು ಕಿರಿಕಿರಿಯೇ ಆಗುತ್ತದೆ. ಫ್ಲೆಕ್ಸಿಗೂ ಇದೇ ಸರಿ ಅನ್ನಬೇಕಾದವರು ಅನ್ನಲೇ ಇಲ್ಲವಲ್ಲ.

ಆ ಫ್ಲೆಕ್ಸನ್ನು ಯಾರೂ ಇನ್ನೂ ಬಿಚ್ಚಿಲ್ಲ. ದಿನಾ ಬಸ್ಸಿನಲ್ಲಿ ಅದರ ಮುಂದೆ ಹೋಗುತ್ತೇನೆ. ಮೊನ್ನೆ ಹಂಪ್ ಬಂದಾಗ ಕಣ್ಣನ್ನು ಅರ್ಧ ಮುಚ್ಚಿ, ಎಲ್ಲವೂ ಮಂಜಾಗುವ ಹಾಗೆ ಮಾಡಿಕೊಂಡು ನೋಡಿದೆ. ಮುಖಂಡರ ತಲೆಗಳು ಹೋದವು. ಶ್ರದ್ಧಾಂಜಲಿ ಅನ್ನುವುದೂ ಹೋಯಿತು. ಅವರ ಫೋಟೊ ಕೂಡ ಹಳದಿಯಲ್ಲಿ ಕಲಸಿಹೋಯಿತು. ಅವರ ಹೆಸರು ಮಾತ್ರ, ಒಂದಕ್ಷರವೂ ಓದಲಾಗದೆ, ಕಪ್ಪಗೆ ಮುಂದೆ ಬಂದು ನಿಂತಿತ್ತು.

ಆದರೂ ಅದು ತಪ್ಪು ಅಕ್ಷರವೇ. ಒಳಗೆ ಬೆರಳು ಹೋಗುವುದಿಲ್ಲ. ಕೆಂಪು ಕುರ್ಚಿಯ ಮುಂದೆ ನಿಂತು ಇದನ್ನು ಅವರಿಗೆ ಇನ್ನೊಂದು ಸಲ ಹೇಳಿ, ಅವರಿಂದ ಇಲ್ಲ ಅನ್ನಿಸಿಕೊಂಡು ಬರಬೇಕು ಅನ್ನಿಸುತ್ತದೆ.